ಗುದದ್ವಾರದ ಬಳಿಯ ಹಳೆಯ ಕುರು: ಮತ್ತೊಮ್ಮೆ ಬಯಾಪ್ಸಿ ಬೇಕೇ?

ಪ್ರಶ್ನೆ (ಡೊಂಬಿವಲಿ):
ನಮ್ಮ ಸೋದರಮಾವನವರಿಗೆ ಪೃಷ್ಠದಲ್ಲೂ ಗುದದ್ವಾರದ ಸುತ್ತಲೂ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಕುರುಗಳೆದ್ದು, ಒಡೆದು, ಕೀವು ಸೋರುತ್ತಲೇ ಇದೆ. ಹೋಟೆಲಿನ ಗಲ್ಲಾದಲ್ಲಿ ದಿನವಿಡೀ ಕೂರುವುದರಿಂದ ಹೀಗೆಂದು ಅವರೂ, ಭಗಂದರವೆಂದು ಹಿಂದಿನ ವೈದ್ಯರೂ ಭಾವಿಸಿದ್ದರು. ಇದು ಹೈಡ್ರಾಡಿನೈಟಿಸ್ ಸಪ್ಯುರೇಟಿವಾ ಎಂಬ ಉರಿಯೂತದ ಕಾಯಿಲೆಯೆಂದು ಈಚೆಗಷ್ಟೇ ಗೊತ್ತಾಯಿತು. ಈಗ ಒಂದೆಡೆ ಅಂಚು ಗಟ್ಟಿಯಾಗಿ, ಮುಟ್ಟಿದರೆ ರಕ್ತ ಬರುವ ಹುಣ್ಣೊಂದು ಮಾಯುತ್ತಿಲ್ಲ. ಬಯಾಪ್ಸಿ ವರದಿಯಲ್ಲಿ ಉರಿಯೂತವೆಂದಷ್ಟೇ ಇದೆ. ಆದರೂ ಸರ್ಜನ್ ಇನ್ನೊಮ್ಮೆ ಆಳದಿಂದ ತುಣುಕು ತೆಗೆಯಬೇಕೆನ್ನುತ್ತಾರೆ. ಅದು ಅಗತ್ಯವೇ?

ಉತ್ತರ (ಚರ್ಮರೋಗ ವೈದ್ಯೆ, ಪುಣೆ):
ಖಂಡಿತ ಅಗತ್ಯ. ಈ ಕಾಯಿಲೆಯಲ್ಲಿ ಚರ್ಮದಡಿ ಸುರಂಗಗಳು ಕೊರೆದುಕೊಂಡು ಹೋಗುತ್ತವೆ. ಹಲವು ವರ್ಷ ಉರಿಯೂತ ಮತ್ತು ಗಾಯದ ಕಲೆ ಉಳಿದ ಜಾಗದಲ್ಲಿ, ಅಪರೂಪಕ್ಕಾದರೂ, ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಕ್ಯಾನ್ಸರ್ ಹುಟ್ಟುತ್ತದೆ. ಕಂಕುಳಿಗಿಂತ ಪೃಷ್ಠ ಮತ್ತು ಗುದದ್ವಾರದ ಸುತ್ತ, ಹೆಂಗಸರಿಗಿಂತ ಗಂಡಸರಲ್ಲಿ ಇದು ಹೆಚ್ಚು. ಮೇಲ್ಪದರದ ಚಿಕ್ಕ ತುಣುಕಿನಲ್ಲಿ ಕ್ಯಾನ್ಸರ್ ಸಿಗದೆ ಹೋಗಬಹುದು, ಏಕೆಂದರೆ ಅದು ಸುರಂಗದ ಆಳದಲ್ಲಿರಬಹುದು. ಸಿಕ್ಕರೂ ಅದರ ಕೋಶಗಳು ಬಹುಪಾಲು ಸಹಜ ಕೋಶಗಳಂತೆಯೇ ಕಾಣುವುದುಂಟು. ಆದ್ದರಿಂದ ಹುಣ್ಣಿನ ಅಂಚಿನಿಂದಲೂ ಬುಡದಿಂದಲೂ ಹಲವು ಆಳವಾದ ತುಣುಕುಗಳು ಬೇಕು. ರೋಗ ಗುದದ ಸ್ನಾಯುವಿನ ಕಡೆಗೆ ಹಬ್ಬಿದೆಯೇ ಎಂದು ನೋಡಲು ಎಂಆರ್‌ಐ ಮಾಡಿಸಿ. ಮಾವನವರು ಧೂಮಪಾನ ಮಾಡುತ್ತಿದ್ದರೆ ಅದನ್ನೂ ಬಿಡಿಸಬೇಕು.

ಉತ್ತರ (ಮುಲುಂಡ್):
ನಮ್ಮ ಅಣ್ಣನಿಗೂ ಇದೇ ಸಂದೇಹ ಬಂದಿತ್ತು. ಹಳೆಯ ವರದಿಯ ಜೆರಾಕ್ಸ್ ಮಾತ್ರ ಸಾಲದು. ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್‌ಗಳನ್ನು (ಮೇಣದಲ್ಲಿ ಹುದುಗಿಸಿಟ್ಟ ತುಣುಕುಗಳನ್ನು) ಲ್ಯಾಬಿನಿಂದ ಕೇಳಿ ಪಡೆದು, ಪರೇಲಿನ ಟಾಟಾ ಮೆಮೋರಿಯಲ್‌ನಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮರುಪರಿಶೀಲನೆ ಮಾಡಿಸಿ. ಜಾಗ ನಾಚಿಕೆಯದ್ದೆಂದು ಗಂಡಸರು ಮನೆಯಲ್ಲೂ ಹೇಳದೆ ಮುಲಾಮು ಹಚ್ಚುತ್ತಲೇ ಇರುತ್ತಾರೆ.

ಪ್ರಶ್ನಿಸಿದವರು:
ಧನ್ಯವಾದಗಳು. ಮುಂದಿನ ವಾರ ಈ ಉರಿಯೂತಕ್ಕೆಂದು ಅಡಾಲಿಮುಮ್ಯಾಬ್ ಚುಚ್ಚುಮದ್ದು ಆರಂಭವಾಗಬೇಕಿದೆ. ಆರಂಭಿಸಬಹುದೇ?

ಚರ್ಮರೋಗ ವೈದ್ಯೆ, ಪುಣೆ:
ಕ್ಯಾನ್ಸರಿನ ಸಂದೇಹ ತೀರುವವರೆಗೆ ಬೇಡ. ಆ ಮದ್ದು ದೇಹದ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುತ್ತದೆ. ಈ ಹುಣ್ಣಿನ ವಿಷಯವನ್ನು ಅದನ್ನು ಬರೆದುಕೊಟ್ಟ ವೈದ್ಯರಿಗೆ ಇಂದೇ ತಿಳಿಸಿ. ಕ್ಯಾನ್ಸರ್ ಇದೆಯೆಂದಾದರೆ ಸುತ್ತಲಿನ ಆರೋಗ್ಯವಂತ ಅಂಗಾಂಶವನ್ನೂ ಸೇರಿಸಿ ಅಗಲವಾಗಿ ಕತ್ತರಿಸಿ ತೆಗೆಯುವುದೇ ಮುಖ್ಯ ಚಿಕಿತ್ಸೆ. ತೊಡೆಸಂದಿನ ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ಪರೀಕ್ಷಿಸಿರೆಂದು ಸರ್ಜನ್‌ಗೆ ಹೇಳಿ.