ಮೂಲೆಯಲ್ಲಿ ಕೋಲಿಲ್ಲ ಅಂತ ನನಗೆ ಗೊತ್ತಾದದ್ದು ಹೇಗೆ?

ಪ್ರಶ್ನೆ (ಗದಗ):
ನಿನ್ನೆ ಸಂಜೆ ಹುಬ್ಬಳ್ಳಿಯಿಂದ ಕೆಲಸ ಮುಗಿಸಿ ಮನೆಗೆ ಬಂದೆ. ಕರೆಂಟ್ ಇರಲಿಲ್ಲ. ಅಪ್ಪಾ ಅಂತ ಕೂಗಿದೆ, ಸದ್ದಿಲ್ಲ. ಅಷ್ಟರಲ್ಲಿ ಕರೆಂಟ್ ಬಂತು. ಪಡಸಾಲೆಯ ಮೂಲೆಯಲ್ಲಿ ಅಪ್ಪನ ಕೋಲಿರಲಿಲ್ಲ. ದಿನಾ ಅಲ್ಲೇ ಒರಗಿಸಿಟ್ಟು ಗೋಡೆಯ ಮೇಲೆ ಕರಿ ಗೆರೆ ಮೂಡಿದೆ. ಗೆರೆ ಇತ್ತು, ಕೋಲಿಲ್ಲ. ಭೀಷ್ಮ ಕೆರೆ ಕಡೆ ತಿರುಗಾಡಲು ಹೋಗಿರಬೇಕು ಅಂತ ಸಮಾಧಾನವಾಯಿತು.

ಈಗ ಪ್ರಮಾಣಗಳ ಬಗ್ಗೆ, ಅಂದರೆ ಸರಿಯಾದ ತಿಳಿವು ಬರುವ ದಾರಿಗಳ ಬಗ್ಗೆ ಓದುತ್ತಿದ್ದೇನೆ. ಹೊಗೆ ಕಂಡು ಬೆಂಕಿ ತಿಳಿಯುವುದು ಅನುಮಾನ, ಸರಿ. ಆದರೆ 'ಕೋಲಿಲ್ಲ' ಅನ್ನುವುದು ಯಾವ ಲೆಕ್ಕಕ್ಕೆ? ಕಣ್ಣಿಗೆ ಬಿದ್ದದ್ದು ಗೋಡೆ, ಗೆರೆ ಅಷ್ಟೇ. ಇಲ್ಲದ್ದು ಕಣ್ಣಿಗೆ ಬೀಳುವುದು ಹೇಗೆ?

ಉತ್ತರ (ಧಾರವಾಡ):
ಅಕ್ಕಾರೆ, ಇದೇ ಅನುಪಲಬ್ಧಿ, ಅಂದರೆ ಕಾಣದಿರುವುದರಿಂದಲೇ 'ಇಲ್ಲ' ಅಂತ ತಿಳಿಯುವುದು. 7ನೇ ಶತಮಾನದ ಮೀಮಾಂಸಾ ದಾರ್ಶನಿಕ ಕುಮಾರಿಲ ಭಟ್ಟರ ಪಂಥದವರೂ ಅದ್ವೈತಿಗಳೂ ಇದನ್ನು ಆರನೇ ಪ್ರಮಾಣ ಅಂತ ಒಪ್ಪುತ್ತಾರೆ. ಸುಮ್ನೆ ಕಾಣದಿದ್ದರೆ ಸಾಲದು. ಇದ್ದಿದ್ದರೆ ಕಾಣಲೇಬೇಕಿತ್ತು ಅನ್ನುವಂತಿರಬೇಕು. ಕತ್ತಲಲ್ಲೂ ನಿಮಗೆ ಕೋಲು ಕಂಡಿರಲಿಲ್ಲ. ಆಗಲೇ 'ಇಲ್ಲ' ಅನ್ನಲು ಆಗುತ್ತಿತ್ತಾ?

ಅಪ್ಪ ಹೊರಗೆ ಹೋಗಿದ್ದಾರೆ ಅಂದುಕೊಂಡಿರಲ್ಲ, ಅದು ಬೇರೆ. ಬದುಕಿರುವ ದೇವದತ್ತ ಮನೆಯಲ್ಲಿಲ್ಲ, ಅಂದ ಮೇಲೆ ಹೊರಗೆ ಎಲ್ಲೋ ಇದ್ದಾನೆ. ಅರ್ಥಾಪತ್ತಿಗೆ, ಅಂದರೆ ಇನ್ನೊಂದನ್ನು ಒಪ್ಪದೆ ಹೊಂದಿಕೆಯಾಗದ ಕಡೆ ಆ ಇನ್ನೊಂದನ್ನು ತಿಳಿಯುವುದಕ್ಕೆ, ಕೊಡುವ ಹಳೆಯ ಉದಾಹರಣೆ ಇದು. ನಿಮ್ಮ ಮನೆಯಲ್ಲೇ ನಡೆದುಹೋಯಿತು ನೋಡಿ.

ಉತ್ತರ (ಹಾವೇರಿ):
ನಾನು ನ್ಯಾಯ ದರ್ಶನದ ಕಡೆಯವನು. ನಮಗೆ ಪ್ರಮಾಣ ನಾಲ್ಕೇ: ಪ್ರತ್ಯಕ್ಷ, ಅನುಮಾನ, ಉಪಮಾನ (ಹೋಲಿಕೆ), ಶಬ್ದ (ನಂಬಬಹುದಾದವರ ಮಾತು). 'ಕೋಲಿಲ್ಲದ ಮೂಲೆ'ಯನ್ನು ಕಣ್ಣೇ ಹಿಡಿಯುತ್ತದೆ. ಕಣ್ಣು ಮುಚ್ಚಿಕೊಂಡು ನಿಂತಿದ್ದರೆ ಗೊತ್ತಾಗುತ್ತಿತ್ತಾ? ಇನ್ನೊಂದು ಪ್ರಮಾಣ ಯಾಕೆ ಬೇಕು?

ಗದಗ:
ಸರ್, ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಅಪ್ಪ ಬಂದರು. ನಾನು ಒಳಗೆ ಚಹಾ ಸೋಸುತ್ತಿದ್ದೆ. "ಮೂಲ್ಯಾಗ ನನ್ನ ಛತ್ರಿ ಇತ್ತೇನವ್ವಾ?" ಅಂತ ಕೇಳಿದರು. ಇರಲಿಲ್ಲ ಅಂದೆ. ಮೂಲೆ ನೋಡುವಾಗ ಛತ್ರಿಯ ನೆನಪೇ ಬಂದಿರಲಿಲ್ಲ. ಈಗ ನನ್ನ ಕಣ್ಣು ಚಹಾದ ಮೇಲೆ. ಮತ್ತೆ ಗೊತ್ತಾದದ್ದು ಹೇಗೆ?

ಧಾರವಾಡ:
ಕುಮಾರಿಲರು ಹೇಳುವುದೂ ಇದನ್ನೇ! ಒಂದು ಜಾಗವನ್ನು ಮೊದಲು ನೋಡಿರುತ್ತೀರಿ. ಆಮೇಲೆ ಯಾರೋ ಕೇಳಿದಾಗಲೇ 'ಅಲ್ಲಿ ಅದು ಇರಲಿಲ್ಲ' ಅಂತ ತಿಳಿಯುತ್ತದೆ. ಆ ಹೊತ್ತಿಗೆ ಕಣ್ಣಿಗೂ ಆ ಜಾಗಕ್ಕೂ ಸಂಬಂಧವೇ ಇಲ್ಲ.

ಹಾವೇರಿ:
ಛತ್ರಿ ಇಲ್ಲದ್ದನ್ನು ಆಗಲೇ ಮಸುಕಾಗಿ ಗ್ರಹಿಸಿದ್ದಿರಿ. ಅವರು ಕೇಳಿದ ಮೇಲೆ ನೆನಪಾಯಿತು, ಅಷ್ಟೇ.

ಗದಗ:
ಆ ಮೂಲೆಯಲ್ಲಿ ಕುಡುಗೋಲೂ ಇರಲಿಲ್ಲ, ಬಿಂದಿಗೆಯೂ ಇರಲಿಲ್ಲ. ಇಲ್ಲದ್ದಕ್ಕೆ ಲೆಕ್ಕ ಎಲ್ಲಿ ಸರ್? ಅಷ್ಟನ್ನೂ ನಾನು ಆಗಲೇ ನೋಡಿದ್ದೆನಾ?