ಪದಚರ್ಚೆ: ಚೀನೀ ಕಾಸನ್ನು ‘ಟಂಕಿಸಿದರು’ ಎನ್ನಬಹುದೇ?

ಬಲ್ಲವರಲ್ಲಿ ಒಂದು ವಿನಂತಿ. ಚೀನಾದ ಹಳೆಯ ಕಂಚಿನ ನಾಣ್ಯಗಳ ಮೇಲೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ನಾಣ್ಯ ಟಂಕಿಸಿದರು’ ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಟಂಕಿಸುವುದೆಂದರೆ ಲೋಹದ ಬಿಲ್ಲೆಯನ್ನು ಅಚ್ಚಿನ ನಡುವೆ ಇಟ್ಟು ಹೊಡೆಯುವುದು. ನಮ್ಮ ವರಾಹಕ್ಕೆ ಅದು ಸರಿ. ಚೀನಾದವರು ಶತಮಾನಗಟ್ಟಲೆ ಮಾಡಿದ್ದು ಎರಕ.

ಇದನ್ನು ಇಷ್ಟು ಪಟ್ಟು ಹಿಡಿದು ಕೇಳಲು ಕಾರಣ ಆ ನಾಣ್ಯಗಳ ಬರಹ. ಅವುಗಳ ಮೇಲೆ ಅರಸನ ಮುಖವಿಲ್ಲ. ನಡುವೆ ಚೌಕದ ತೂತು, ಸುತ್ತ ನಾಲ್ಕು ಅಕ್ಷರ, ಅಷ್ಟೇ. ಕ್ರಿ.ಶ. 621ರಲ್ಲಿ ಬಂದ ‘ಕೈಯುವಾನ್ ತೊಂಗ್‌ಬಾವ್’ ನಾಣ್ಯದ ಅಕ್ಷರಗಳು ಹೆಸರಾಂತ ಲಿಪಿಕಾರ ಓಯಾಂಗ್ ಷುನ್ ಬರೆದವು. ಸೋಂಗ್ ವಂಶದ ಚಕ್ರವರ್ತಿ ತಾಯ್‌ಜೋಂಗ್ 990ರ ಹೊತ್ತಿಗೆ ತಾನೇ ಕುಂಚ ಹಿಡಿದು, ಒಂದೇ ನಾಣ್ಯಕ್ಕೆ ಮೂರು ಬಗೆಯ ಬರಹ ಕೊಟ್ಟ. ಮುಂದೆ ಅದೇ ವಂಶದ ಹುಯ್‌ಜೋಂಗನ ‘ದಾಗುವಾನ್ ತೊಂಗ್‌ಬಾವ್’ (1107-1110) ನೋಡಿ: ಮೇಲಿನ ‘ದಾ’ ಅಕ್ಷರದ ಅಡ್ಡಗೆರೆ ಎಳೆಯಷ್ಟು ತೆಳು, ಬಲತುದಿಯಲ್ಲಿ ಮಾತ್ರ ಕುಂಚ ಒತ್ತಿ ನಿಲ್ಲಿಸಿದ ಗಂಟು. ಕುಂಚದ ಆ ಒತ್ತು ಕಂಚಿನಲ್ಲಿ ಉಳಿದಿದೆಯಲ್ಲ, ಅದೇ ನನ್ನನ್ನು ಹಿಡಿದಿಟ್ಟಿರುವುದು. ಬರಹವನ್ನು ಕೆತ್ತಿ ಮಾದರಿ ನಾಣ್ಯ ಮಾಡಿ, ಅದನ್ನು ಮರಳಿನಲ್ಲಿ ಒತ್ತಿ, ಆ ಅಚ್ಚಿಗೆ ಕಂಚು ಹೊಯ್ಯುತ್ತಿದ್ದರು. ಆದ್ದರಿಂದ ‘ಎರಕ ಹೊಯ್ದ ಕಾಸು’ ಎಂದು ಬರೆಯುವುದೆಂದು ನಿರ್ಧರಿಸಿದ್ದೇನೆ.

‘ಕಾಸು’ ಎನ್ನಲು ಹಿಂಜರಿಕೆಯಿಲ್ಲ. ಇಂಗ್ಲಿಷರು ಈ ನಾಣ್ಯಕ್ಕೆ ಇಟ್ಟ ‘ಕ್ಯಾಶ್’ ಎಂಬ ಹೆಸರು ತಮಿಳಿನ ಕಾಸು ಪೋರ್ಚುಗೀಸರ ಬಾಯಲ್ಲಿ ತಿರುಗಿ ಬಂದದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳ ಮೇಲೂ ಕನ್ನಡದಲ್ಲಿ ‘ಮಯಿಲಿ ಕಾಸು’, ಇಂಗ್ಲಿಷಿನಲ್ಲಿ ‘ಕ್ಯಾಶ್’ ಎಂದೇ ಇದೆ.

ಉಳಿದವು ಎರಡು ಪದಗಳು. ಮಾದರಿ ನಾಣ್ಯವನ್ನು ಚೀನೀಯರು ‘ಮುಚಿಯನ್’ ಅನ್ನುತ್ತಾರೆ, ಅಂದರೆ ತಾಯಿ ನಾಣ್ಯ. ತಾಯಿಬೇರು ಇರುವ ಭಾಷೆಯಲ್ಲಿ ‘ತಾಯಿಕಾಸು’ ಹೊಂದುತ್ತದೆ ಎಂದು ನನಗೆ ತೋರುತ್ತದೆ. ಆದರೆ ನಮ್ಮ ಎರಕದವರಲ್ಲಿ ಇಂಥ ಮಾದರಿಗೆ ಬೇರೆ ಹೆಸರು ಬಳಕೆಯಲ್ಲಿದ್ದರೆ ಅದನ್ನೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು, ತಾಯ್‌ಜೋಂಗನ ಮೂರು ಬರಹಗಳಲ್ಲಿ ಗೆರೆಗೆ ಗೆರೆ ಕೂಡಿಸಿ ವೇಗವಾಗಿ ಬರೆಯುವ ‘ಹುಲ್ಲು ಬರಹ’. ಇದನ್ನು ‘ಮೋಡಿ ಬರಹ’ ಎಂದರೆ ಓದುಗರಿಗೆ ತಟ್ಟನೆ ತಿಳಿಯುತ್ತದೆ. ಹಾಗೆಂದರೆ ಮರಾಠಿಯ ಮೋಡಿ ಲಿಪಿಯೆಂದು ಯಾರಾದರೂ ತಪ್ಪಾಗಿ ತಿಳಿದಾರೇ?