ಪ್ಯಾಡಲ್ ಬಗ್ಗೆ ಮಾಸ್ಟ್ರಲ್ಲಿ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ಕುಂಬಳೆಯ ಮಾಸ್ಟ್ರು ಇವತ್ತು ರಾತ್ರಿ ಒಂಬತ್ತರವರೆಗೆ ಗ್ರೂಪಲ್ಲಿ ಇರುತ್ತಾರೆ. ಶಟಲ್ ಕಲಿಸುವವರು, ರ‍್ಯಾಕೆಟ್ ಗಟ್ಟಿಂಗ್ (ತಂತಿ ಕಟ್ಟುವುದು) ಮಾಡುವವರು ಅಂತ ಎಲ್ಲರಿಗೂ ಗೊತ್ತು. ಎರಡು ವರ್ಷದಿಂದ ಪಿಕಲ್‌ಬಾಲ್ ಪ್ಯಾಡಲ್‌ಗಳನ್ನೂ ಪರೀಕ್ಷೆ ಮಾಡುತ್ತಿದ್ದಾರೆ. ಹೊಸಬರಿಗೆ: ಪಿಕಲ್‌ಬಾಲ್ ಅಂದರೆ ನೆಟ್ ಕಟ್ಟಿ ತೂತಿರುವ ಪ್ಲಾಸ್ಟಿಕ್ ಚೆಂಡಿನಲ್ಲಿ ಆಡುವ ಆಟ, ಪ್ಯಾಡಲ್ ಅಂದರೆ ಅದರ ಬ್ಯಾಟ್. ಪ್ರಶ್ನೆ ಹಾಕುವಾಗ ನಿಮ್ಮ ಊರು ಬರೆಯಿರಿ.

ಉಪ್ಪಳ: ಮಾಸ್ಟ್ರೇ, ಈಗ ಯಾವ ಪ್ಯಾಡಲ್ ಬೆಸ್ಟ್? ಬಜೆಟ್ ಐದು ಸಾವಿರ.

ಮಾಸ್ಟ್ರು: ಮೊದಲು ಏನು ಆಡುತ್ತಿದ್ದಿರಿ, ಶಟಲ್ಲೋ ಟೇಬಲ್ ಟೆನಿಸ್ಸೋ? ಮೊಣಕೈ ನೋವು ಇದೆಯಾ? ಅದು ಗೊತ್ತಿಲ್ಲದೆ ಬೆಸ್ಟ್ ಅಂತ ಹೇಳಲು ಆಗುವುದಿಲ್ಲ. ಹೊಸಬರಾದರೆ 16 ಮಿಲಿಮೀಟರ್ ದಪ್ಪದ್ದು, 220ರಿಂದ 230 ಗ್ರಾಂ ತೂಕದ್ದು ನೋಡಿ. ಯಾರದ್ದಾದರೂ ಇಸ್ಕೊಂಡು ಹತ್ತು ನಿಮಿಷ ಆಡಿ, ಆಮೇಲೆ ದುಡ್ಡು ಕೊಡಿ.

ಮುಳ್ಳೇರಿಯ: 14 ಎಂಎಂ ಒಳ್ಳೆಯದಾ, 16 ಎಂಎಂ ಒಳ್ಳೆಯದಾ?

ಮಾಸ್ಟ್ರು: 14ರಲ್ಲಿ ಚೆಂಡು ಬೇಗ ಹಾರುತ್ತದೆ. 16ರಲ್ಲಿ ಚೆಂಡು ಹೇಳಿದ ಮಾತು ಕೇಳುತ್ತದೆ.

ಪೆರ್ಲ: ಎರಡು ಹೊಸ ಪ್ಯಾಡಲ್ ಹೋಲಿಸಿ ನೋಡುವಾಗ ನೀವು ಏನು ಮಾಡುತ್ತೀರಿ ಮಾಸ್ಟ್ರೇ? ಯೂಟ್ಯೂಬ್ ನೋಡಿ ತಲೆ ಕೆಟ್ಟಿದೆ.

ಮಾಸ್ಟ್ರು: ಮೊದಲು ತೂಗುತ್ತೇನೆ. ಡಬ್ಬದ ಮೇಲೆ ಬರೆದ ತೂಕ ನಂಬುವುದಿಲ್ಲ, ಒಂದೇ ಮಾಡೆಲ್‌ನ ಎರಡು ಪ್ಯಾಡಲ್‌ಗಳೇ ಒಂದೇ ತೂಕ ಬರುವುದಿಲ್ಲ. ಆಮೇಲೆ ಬ್ರಾಂಡ್ ಹೆಸರಿನ ಮೇಲೆ ಪೇಪರ್ ಟೇಪ್ ಅಂಟಿಸಿ ಹುಡುಗರ ಕೈಗೆ ಕೊಡುತ್ತೇನೆ. ಹೆಸರು ಕಂಡರೆ ಕೈ ಸುಳ್ಳು ಹೇಳುತ್ತದೆ. ಒಂದೇ ಚೆಂಡು, ಒಂದೇ ಕೋರ್ಟ್, ಅದೇ ಇಬ್ಬರು. ಬಾಳಿಕೆ ಮಾತ್ರ ಒಂದು ದಿನದಲ್ಲಿ ಗೊತ್ತಾಗುವುದಿಲ್ಲ. ಎಷ್ಟು ಗಂಟೆ ಆಡಿದ್ದು ಅಂತ ಪುಸ್ತಕದಲ್ಲಿ ಬರೆದಿಡುತ್ತೇನೆ. ವಾರಕ್ಕೊಮ್ಮೆ ಉಗುರಿನಿಂದ ಗೀರಿ ನೋಡುತ್ತೇನೆ. ಕಾರ್ಬನ್ ಮೇಲ್ಮೈ ಹೊಸದರಲ್ಲಿ ತರಿತರಿಯಾಗಿರುತ್ತದೆ. ನಡುಭಾಗ ನುಣ್ಣಗಾದರೆ ಸ್ಪಿನ್ ಹೋಯಿತು ಅಂತಲೇ.

ಬದಿಯಡ್ಕ: ಮಾಸ್ಟ್ರೇ, ನನ್ನದು ಒಳ್ಳೆ ಸುದ್ದಿ. ಭಾವ ದುಬೈಯಿಂದ ತಂದ ಕಾರ್ಬನ್ ಪ್ಯಾಡಲ್, ನಾಲ್ಕು ತಿಂಗಳಾಯಿತು. ಕಳೆದ ವಾರದಿಂದ ಪವರ್ ಜಾಸ್ತಿ ಆಗಿದೆ! ಒಂದು ಬದಿಯಲ್ಲಿ ಹೊಡೆದರೆ ಚೆಂಡು ಗುಂಡಿನ ಹಾಗೆ ಹೋಗುತ್ತದೆ. ಸೌಂಡ್ ಕೂಡ ಬದಲಾಗಿದೆ. ಪ್ಯಾಡಲ್ ಪಳಗಿತು ಅನ್ನುತ್ತಾರೆ ಗೆಳೆಯರು. ಹೌದಾ?

ಮಾಸ್ಟ್ರು: ಇಲ್ಲ. ಇದನ್ನು ಎಲ್ಲರೂ ಪೂರ್ತಿ ಓದಿ.

ಪ್ಯಾಡಲ್ ಒಳಗೆ ಪ್ಲಾಸ್ಟಿಕ್‌ನ ಜೇನುಗೂಡು ಇರುತ್ತದೆ, ಪಾಲಿಪ್ರೊಪಿಲೀನ್. ಅದರ ಎರಡೂ ಬದಿಗೆ ಕಾರ್ಬನ್ ಹಾಳೆ ಅಂಟಿಸಿರುತ್ತಾರೆ. ಹೊಡೆದು ಹೊಡೆದು ಗೂಡಿನ ಗೋಡೆ ಕುಸಿಯಬಹುದು, ಇಲ್ಲವೇ ಹಾಳೆ ಗೂಡಿನಿಂದ ಬಿಟ್ಟುಕೊಳ್ಳಬಹುದು. ನಡುವೆ ಸಂದಿ ಬೀಳುತ್ತದೆ. ಆಗ ಹಾಳೆ ಒಳಗೆ ಹೋಗಿ ಹೊರಗೆ ಚಿಮ್ಮುತ್ತದೆ, ಟ್ರಾಂಪೊಲಿನ್ ಹಾಗೆ. ನಿಮಗೆ ಪವರ್ ಅನಿಸಿದ್ದು ಅದೇ. ಪ್ಯಾಡಲ್ ಪಳಗಿದ್ದಲ್ಲ, ಸಾಯುತ್ತಿದೆ. ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ ಪ್ಯಾಡಲ್‌ಗಳಲ್ಲಿ ಈ ತೊಂದರೆ ತುಂಬ ನೋಡಿದ್ದೇವೆ. ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲಿ ಇಟ್ಟರೆ ಇನ್ನೂ ಬೇಗ.

ಹೀಗೆ ಮಾಡಿ. ಒಂದು ರೂಪಾಯಿ ನಾಣ್ಯ ತಗೊಂಡು ಹಿಡಿಯ ಹತ್ತಿರದಿಂದ ತುದಿಯವರೆಗೆ, ಬೆರಳಗಲ ಬೆರಳಗಲಕ್ಕೆ ಮೆಲ್ಲಗೆ ತಟ್ಟಿ. ಎರಡೂ ಬದಿ. ಸರಿ ಇದ್ದ ಕಡೆ ಒಂದೇ ಸಮ ಟಕ್ ಟಕ್ ಅನ್ನುತ್ತದೆ. ಒಂದು ಕಡೆ ಡಬ್ ಅಂದರೆ ಅಲ್ಲಿ ಸಂದಿ ಇದೆ. ಅಲ್ಲೇ ಹೆಬ್ಬೆರಳಿಂದ ಒತ್ತಿ ನೋಡಿ, ಅಮುಕಿದರೆ ಅನುಮಾನವೇ ಬೇಡ.

ನಾನು ಹೆದರುವುದು ಪ್ಯಾಡಲ್ ಹೋಯಿತಲ್ಲ ಅಂತ ಅಲ್ಲ. ಕಿಚನ್ ಗೆರೆಯಲ್ಲಿ, ಅಂದರೆ ನೆಟ್‌ನಿಂದ ಏಳು ಅಡಿ ದೂರದ ಗೆರೆಯಲ್ಲಿ, ಎದುರುಬದುರು ನಿಂತರೆ ನಡುವೆ ಬರೀ 14 ಅಡಿ. ಕಳೆದ ಮಳೆಗಾಲದಲ್ಲಿ ನನ್ನ ಕಣ್ಣೆದುರೇ ಇಂಥ ಪ್ಯಾಡಲ್‌ನಿಂದ ಬಂದ ಚೆಂಡು ಒಬ್ಬ ಹುಡುಗನ ಹುಬ್ಬಿಗೆ ಬಡಿಯಿತು. ಒಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು. ಅವನಿಗೆ ಪ್ಯಾಡಲ್ ಎತ್ತಲು ಸಮಯವೇ ಸಿಗಲಿಲ್ಲ. ನಿಯಮದಲ್ಲೂ ಇಂಥ ಪ್ಯಾಡಲ್‌ಗೆ ಜಾಗವಿಲ್ಲ. ಅಮೆರಿಕದ ಯುಎಸ್‌ಎ ಪಿಕಲ್‌ಬಾಲ್ 2024ರಲ್ಲಿ ಪಿಬಿಕೋರ್ ಅನ್ನುವ ಪರೀಕ್ಷೆ ತಂದಿತು. ಪ್ಯಾಡಲ್‌ಗೆ ಬಡಿದ ಚೆಂಡು ಎಷ್ಟು ವೇಗ ಉಳಿಸಿಕೊಂಡು ವಾಪಸ್ ಹಾರುತ್ತದೆ ಅಂತ ಅದರಲ್ಲಿ ಅಳೆಯುತ್ತಾರೆ. ತಟ್ಟಿ ನೋಡಿ ಇವತ್ತೇ ತಿಳಿಸಿ. ಅಲ್ಲಿಯವರೆಗೆ ಆಡಬೇಡಿ.

ಮಂಜೇಶ್ವರ: ಮಾಸ್ಟ್ರೇ, ಮಗಳಿಗೆ ಒಂಬತ್ತು ವರ್ಷ. ಗ್ರಿಪ್ ಎಷ್ಟು ದಪ್ಪ ಇರಬೇಕು?

ಹೊಸಂಗಡಿ: ಬದಿಯಡ್ಕದವರೇ, ಹೆದರಬೇಡಿ. ಒಂದು ಫಾರ್ವರ್ಡ್ ಬಂದಿದೆ. ಅಂಚಿನ ಹತ್ತಿರ ಸೂಜಿಯಲ್ಲಿ ತೂತು ಮಾಡಿ ಫೆವಿಕ್ವಿಕ್ ಬಿಟ್ಟು, ರಾತ್ರಿಯಿಡೀ ಮೇಲೆ ಅರೆಯುವ ಕಲ್ಲು ಇಡಬೇಕಂತೆ. ಹೊಸದರ ಹಾಗೆ ಆಗುತ್ತದಂತೆ.

ಮಾಸ್ಟ್ರು: ಆಗುವುದಿಲ್ಲ. ಕುಸಿದ ಗೂಡು ಅಂಟು ಬಿಟ್ಟರೆ ಎದ್ದು ನಿಲ್ಲುವುದಿಲ್ಲ. ಅಂಟು ಹೋದಲ್ಲಿ ಕಲ್ಲಿನ ಹಾಗೆ ಗಟ್ಟಿ, ಪಕ್ಕದಲ್ಲಿ ಟೊಳ್ಳು. ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಹೊಡೆದವನಿಗೂ ಗೊತ್ತಾಗುವುದಿಲ್ಲ.

ಉಪ್ಪಳ: ನುಣ್ಣಗಾದ ಪ್ಯಾಡಲ್‌ಗೆ ಸ್ಯಾಂಡ್‌ಪೇಪರ್ ಉಜ್ಜಿದರೆ ಸ್ಪಿನ್ ವಾಪಸ್ ಬರುತ್ತದೆ ಅಂತ ನನಗೂ ಬಂದಿತ್ತು. ತೆಂಗಿನೆಣ್ಣೆ ಸವರಬೇಕು ಅಂತಲೂ ಇತ್ತು.

ಮಾಸ್ಟ್ರು: ಸ್ಯಾಂಡ್‌ಪೇಪರ್ ಕಾರ್ಬನ್ ಎಳೆಯನ್ನೇ ಕತ್ತರಿಸುತ್ತದೆ. ಆ ಧೂಳು ಮೂಗಿಗೆ ಹೋಗಬಾರದು. ಉಜ್ಜಿದ ಪ್ಯಾಡಲ್ ಪಂದ್ಯಕ್ಕೂ ಆಗುವುದಿಲ್ಲ. ಎಣ್ಣೆ ಹಚ್ಚಿದರೆ ಇದ್ದ ಹಿಡಿತವೂ ಹೋಗುತ್ತದೆ. ಚೆಂಡಿನ ಪ್ಲಾಸ್ಟಿಕ್ ಮೆತ್ತಿಕೊಂಡಿದ್ದರೆ ಅದಕ್ಕೆಂದೇ ಸಿಗುವ ರಬ್ಬರಿನಿಂದ ಒರೆಸಿ, ಅಷ್ಟೇ. ದಯವಿಟ್ಟು ಇನ್ನು ಫಾರ್ವರ್ಡ್ ಹಾಕಬೇಡಿ. ಯಾರೋ ಒಬ್ಬರು ನಿಜ ಅಂತ ನಂಬಿ ಮಾಡುತ್ತಾರೆ.

ಸೀತಾಂಗೋಳಿ: ಬದಿಯಡ್ಕದವರು ಆಡುವುದು ಅಡಿಕೆ ಒಣಗಿಸುವ ಅಂಗಳದಲ್ಲಿ. ಪ್ಯಾಡಲ್ ಹಾಳಾಗದೆ ಮತ್ತೇನು?

ಬದಿಯಡ್ಕ: ಸಿಮೆಂಟ್ ಅಂಗಳ, ಅಳತೆ ಹಿಡಿದು ಗೆರೆ ಹಾಕಿದ್ದೇವೆ. ನಿಮ್ಮ ಶಟಲ್ ಕೋರ್ಟಲ್ಲಿ ವಾರಕ್ಕೆ ಎರಡು ಗಂಟೆ ಕೊಟ್ಟಿದ್ದರೆ ನಾವು ಯಾಕೆ ಅಂಗಳದಲ್ಲಿ ಆಡುತ್ತಿದ್ದೆವು?

ಸೀತಾಂಗೋಳಿ: ಕೊಟ್ಟಿದ್ದೆವಲ್ಲ! ನೀವು ಅಂಟಿಸಿದ ಟೇಪ್ ತೆಗೆಯುವಾಗ ಮ್ಯಾಟ್‌ನ ಬಣ್ಣವೇ ಎದ್ದು ಬಂತು.

ಪೆರ್ಲ: ಎರಡು ಆಟಕ್ಕೂ ಅಳತೆ ಒಂದೇ, 20 ಅಡಿಗೆ 44 ಅಡಿ. 1965ರಲ್ಲಿ ಈ ಆಟ ಹುಟ್ಟಿದ್ದೇ ಹಳೆಯ ಶಟಲ್ ಕೋರ್ಟಲ್ಲಿ. ಜಗಳ ಯಾಕೆ?

ಸೀತಾಂಗೋಳಿ: ಹುಟ್ಟಿದ ಕಥೆ ಯಾರು ಕೇಳಿದರು? ಮ್ಯಾಟ್‌ನ ದುಡ್ಡು ನೀವು ಕೊಡುತ್ತೀರಾ?

ಬದಿಯಡ್ಕ: ದುಡ್ಡಿನ ಮಾತು ಗ್ರೂಪಲ್ಲಿ ಆಡುವವರ ಹತ್ತಿರ ನನಗೆ ಮಾತೇ ಬೇಡ.

ಅಡ್ಮಿನ್: ಕೋರ್ಟ್ ವಿಷಯ ಇಲ್ಲಿಗೆ ಸಾಕು. ಇನ್ನು ಮುಂದುವರಿಸಿದರೆ ಡಿಲೀಟ್ ಮಾಡುತ್ತೇನೆ.

ಮಾಸ್ಟ್ರು: ಅಂಗಳದಲ್ಲಿ ತಗ್ಗಿನ ಚೆಂಡು ಎತ್ತುವಾಗ ಪ್ಯಾಡಲ್‌ನ ಅಂಚು ತರಚುತ್ತದೆ, ಚೆಂಡೂ ಬೇಗ ಸವೆಯುತ್ತದೆ. ಒಳಗಿನ ಹಾಳೆ ಬಿಟ್ಟುಕೊಳ್ಳುವುದಕ್ಕೂ ಅಂಗಳಕ್ಕೂ ಸಂಬಂಧವಿಲ್ಲ. ಸೀತಾಂಗೋಳಿಯವರೇ, ಗೊತ್ತಿಲ್ಲದ್ದನ್ನು ಹೇಳಬೇಡಿ.

ಮಂಜೇಶ್ವರ: ಮಗಳ ಗ್ರಿಪ್ ಬಗ್ಗೆ ಕೇಳಿದ್ದೆ...

ನೀರ್ಚಾಲು: ತಡವಾಗಿ ಬಂದೆ, ಕ್ಷಮಿಸಿ. ಯಾವ ಪ್ಯಾಡಲ್ ಬೆಸ್ಟ್ ಮಾಸ್ಟ್ರೇ?

ಮಾಸ್ಟ್ರು: ಮೇಲೆ ಓದಿ.

ಮುಳ್ಳೇರಿಯ: ನಮಗೆ 14 ಎಂಎಂ ಸಾಕಲ್ವಾ ಹಾಗಾದರೆ?

ಮಾಸ್ಟ್ರು: ಹೇಳಿ ಆಯಿತು.

ಬದಿಯಡ್ಕ: ಮಾಸ್ಟ್ರೇ, ನಾಣ್ಯದಲ್ಲಿ ತಟ್ಟಿ ನೋಡಿದೆ. ಒಂದು ಬದಿ ಸರಿ ಇದೆ. ಇನ್ನೊಂದು ಬದಿಯಲ್ಲಿ ನಡುವಿನಿಂದ ಸ್ವಲ್ಪ ಮೇಲೆ, ಅಂಗೈಯಷ್ಟು ಜಾಗ ಡಬ್ ಡಬ್ ಅನ್ನುತ್ತದೆ. ಒತ್ತಿದರೆ ಅಮುಕುತ್ತದೆ. ನಾಳೆ ಆದಿತ್ಯವಾರ ನಮ್ಮ ಪಂದ್ಯ ಇದೆ. ಸರಿ ಇದ್ದ ಬದಿಯಲ್ಲೇ ಹೊಡೆಯುತ್ತೇನೆ, ಒಂದು ದಿನ ಆಡಲಾ?

ಮಾಸ್ಟ್ರು: ಬೇಡ. ನೆಟ್ ಹತ್ತಿರ ಬದಿ ನೋಡಿಕೊಂಡು ಹೊಡೆಯಲು ಯಾರಿಂದಲೂ ಆಗುವುದಿಲ್ಲ. ಎದುರು ನಿಲ್ಲುವವರು ನಿಮ್ಮ ಗೆಳೆಯರೇ ಅಲ್ವಾ? ಬೆಳಗ್ಗೆ ಆರೂವರೆಗೆ ಕುಂಬಳೆಗೆ ಬನ್ನಿ, ನನ್ನದೊಂದು 16ರ ಪ್ಯಾಡಲ್ ಕೊಡುತ್ತೇನೆ. ಪಂದ್ಯ ಮುಗಿಸಿ ವಾಪಸ್ ಕೊಟ್ಟರೆ ಸಾಕು. ನಿಮ್ಮದನ್ನೂ ತನ್ನಿ. ಭಾವನ ಹತ್ತಿರ ಬಿಲ್ ಇದೆಯಾ ಕೇಳಿ. ಬಿಲ್ ಇದ್ದರೆ ವಾರಂಟಿ ಕೇಳಬಹುದು, ಬಿಚ್ಚುವುದು ಬೇಡ. ಇಲ್ಲದಿದ್ದರೆ ಅಂಚು ಬಿಡಿಸಿ ಒಳಗೆ ಏನಾಗಿದೆ ಅಂತ ನೋಡೋಣ.

ಬದಿಯಡ್ಕ: ಬಿಲ್ ಇಲ್ಲವಂತೆ. ಆರೂವರೆಗೆ ಬರುತ್ತೇನೆ.